ಪಾಸ್ಟ್ ಕಂಟಿನ್ಯುಯಸ್ ಟೆನ್ಸ್: ಬಳಕೆದಾರರ ಕೈಪಿಡಿ (ನಾಲ್ಕು ತಾಲ್ಲೂಕಿನ ಆವೃತ್ತಿ)

ಬಳಸುವ ಮೊದಲು ಕೈಪಿಡಿಯನ್ನು ಪೂರ್ತಿ ಓದಿ. ಪಂಪ್‌ಸೆಟ್ಟಿನ ಜೊತೆ ಬಂದ ಪುಸ್ತಕವನ್ನು ಸ್ಟಾರ್ಟರ್ ಡಬ್ಬಿಯ ಹಿಂದೆ ಸಿಕ್ಕಿಸಿಟ್ಟು, ಮೋಟರ್ ಸುಟ್ಟ ಮೇಲೆ ಹುಡುಕುವ ಪದ್ಧತಿ ನಮ್ಮ ಕಡೆ ಇದೆ. ಈ ಪುಸ್ತಕಕ್ಕೂ ಅದೇ ಗತಿ ಎಂದು ಗೊತ್ತಿದ್ದೇ ಬರೆಯುತ್ತಿದ್ದೇವೆ.

ನಾಲ್ಕು ತಾಲ್ಲೂಕಿಗೆ ಪ್ರತ್ಯೇಕ ಆವೃತ್ತಿ ಏಕೆ ಎಂದು ಕೆಲವರು ಕೇಳಬಹುದು. ಕಂದಾಯ ಇಲಾಖೆಯ ಲೆಕ್ಕದಲ್ಲಿ ಕರ್ನಾಟಕಕ್ಕೆ 31 ಜಿಲ್ಲೆ, ಶಾಲಾ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ 35. ಹೀಗೆ ಹೆಚ್ಚಾಗಿ ಹುಟ್ಟಿದ ಜಿಲ್ಲೆಗಳಲ್ಲಿ ಮಧುಗಿರಿಯೂ ಒಂದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮಿಕ್ಕ ದಿನವೆಲ್ಲ ನಾವು ತುಮಕೂರು ಜಿಲ್ಲೆಯವರು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಮಾತ್ರ ಬೇರೆ ಮನೆ, ಬೇರೆ ಒಲೆ. ಫಲಿತಾಂಶವೇ ಬೇರೆಯಾದ ಮೇಲೆ ವ್ಯಾಕರಣವೂ ಬೇರೆ ಇರಲಿ.

ಪೆಟ್ಟಿಗೆಯಲ್ಲಿ ಏನೇನಿದೆ

ವಾಸ್ ಒಂದು. ವರ್ ಒಂದು. ಐಎನ್‌ಜಿ ಎಂಬ ಬಾಲ ಒಂದು. ಕ್ರಿಯಾಪದವನ್ನು ಬಳಕೆದಾರರೇ ತಂದುಕೊಳ್ಳಬೇಕು. ವೆನ್ ಮತ್ತು ವೈಲ್ ಎಂಬ ಬಿಡಿಭಾಗಗಳನ್ನು ಬೇರೆ ಪೊಟ್ಟಣದಲ್ಲಿ ಇಟ್ಟಿದ್ದೇವೆ. ಅದನ್ನು ರದ್ದಿಗೆ ಹಾಕಬೇಡಿ, ಮುಂದೆ ಅದರದೇ ಕೆಲಸ ಇದೆ.

ಜೋಡಿಸುವ ಕ್ರಮ

ಐ, ಹೀ, ಶೀ, ಇಟ್ ಬಂದರೆ ವಾಸ್. ವೀ, ದೇ, ಯೂ ಬಂದರೆ ವರ್. ನಂತರ ಕ್ರಿಯಾಪದ, ಅದರ ಹಿಂದೆ ಬಾಲ. ಐ ವಾಸ್ ಈಟಿಂಗ್. ದೇ ವರ್ ಈಟಿಂಗ್. ಮುಗಿಯಿತು. ಬಸ್‌ಸ್ಟ್ಯಾಂಡಿನಲ್ಲಿ ಮಾರುವ 'ಮೂವತ್ತು ದಿನದಲ್ಲಿ ಇಂಗ್ಲಿಷ್' ಪುಸ್ತಕಗಳು ಈ ಟೆನ್ಸಿಗೆ ಒಂದು ದಿನ ಕೊಟ್ಟು ಮುಂದೆ ಹೋಗುವುದು ಇದೇ ಕಾರಣಕ್ಕೆ. ಜೋಡಿಸುವುದು ನಿಜವಾಗಿಯೂ ಅರ್ಧ ಗಂಟೆಯ ಕೆಲಸ.

ಒಂದು ಆಕ್ಷೇಪ ಮಾತ್ರ ಪ್ರತಿ ತರಗತಿಯಲ್ಲೂ ಬರುತ್ತದೆ. ಎದುರಿಗೆ ನಿಂತವನು ಒಬ್ಬನೇ, ಅವನಿಗೇಕೆ ವರ್? ನ್ಯಾಯವಾದ ಪ್ರಶ್ನೆ. ಇಂಗ್ಲಿಷರ ಬಳಿ ಹಿಂದೆ 'ನೀನು' ಎನ್ನಲು ದೌ, 'ನೀವು' ಎನ್ನಲು ಯೂ ಎಂದು ಎರಡು ಪದ ಇದ್ದವು. ದೊಡ್ಡವರಿಗೆ, ಗೊತ್ತಿಲ್ಲದವರಿಗೆ ಯೂ ಎನ್ನುವ ಮರ್ಯಾದೆ ಹರಡುತ್ತಾ ಹರಡುತ್ತಾ ಕೊನೆಗೆ ದೌ ಮೂಲೆ ಸೇರಿತು. ಆದ್ದರಿಂದ ಇಂಗ್ಲಿಷಿನವನು ಹೆಂಡತಿಗೂ ನೀವು ಅನ್ನುತ್ತಾನೆ, ನಾಯಿಗೂ ನೀವು ಅನ್ನುತ್ತಾನೆ, ಕಳ್ಳನನ್ನು ಹಿಡಿದು ಕಟ್ಟಿಹಾಕುವಾಗಲೂ ನೀವು ಅನ್ನುತ್ತಾನೆ. ಬದುವಿನ ಜಗಳದಲ್ಲಿ ಪಕ್ಕದ ಹೊಲದವನನ್ನು ಇಂಗ್ಲಿಷಿನಲ್ಲಿ ಬೈಯುವ ಸಂದರ್ಭ ಬಂದರೆ, ಸಿಟ್ಟಿನ ಭರದಲ್ಲಿ ಯೂ ವಾಸ್ ಎಂದುಬಿಡಬೇಡಿ. ಬಹುವಚನದಲ್ಲೇ ಬೈಯಿರಿ.

ಬಾಲ ಕಟ್ಟುವಾಗ ಇನ್ನೊಂದು ಎಚ್ಚರ. ಸಿಟ್, ರನ್, ಡ್ರಿಪ್ ಥರದ ಗಿಡ್ಡ ಪದಗಳ ಕೊನೆಯ ವ್ಯಂಜನ ಎರಡಾಗುತ್ತದೆ. ಒತ್ತಕ್ಷರ ಬರೆದು ಬೆಳೆದ ಕೈಗೆ ಇದು ಕಷ್ಟವಾಗಬಾರದು. ನೆನಪಿಗೆ ಮಧುಗಿರಿ ಬೆಟ್ಟದ ಕಥೆ ಇಟ್ಟುಕೊಳ್ಳಿ. ರಾಜಾ ಹಿರೇಗೌಡನೆಂಬ ಪಾಳೆಯಗಾರನ ಕುರಿಯೊಂದು ತಪ್ಪಿಸಿಕೊಂಡು ಬೆಟ್ಟ ಹತ್ತಿತಂತೆ. ಹುಡುಕುತ್ತಿದ್ದಾಗ ತಾನೇ ಇಳಿದು ಬಂತು, ಮೈಯಿಂದ ನೀರು ಸುರಿಯುತ್ತಿತ್ತು. ಮೇಲೆ ನೀರಿದೆ ಎಂದು ಗೊತ್ತಾಗಿ ಅವನು ಅಲ್ಲಿ ಕೋಟೆ ಕಟ್ಟಿಸಿದ. ದಿ ಶೀಪ್ ವಾಸ್ ಡ್ರಿಪ್ಪಿಂಗ್. ಎರಡು ಪಿ. ಒಂದು ಪಿ ಬರೆದರೆ ಕುರಿ ಒಣಗಿಹೋಗುತ್ತದೆ, ಕೋಟೆ ಏಳುವುದಿಲ್ಲ.

ಚಾಲನೆ

ಪ್ರಯೋಗಕ್ಕೆ ಕೊರಟಗೆರೆ ತಾಲ್ಲೂಕಿನ ಯಾವುದಾದರೂ ಪ್ರೌಢಶಾಲೆಯ ಎಂಟನೇ ತರಗತಿ ಸಾಕು. ಮೇಷ್ಟ್ರು ಕೇಳುತ್ತಾರೆ:

'ನಿನ್ನೆ ಸಾಯಂಕಾಲ ಏಳು ಗಂಟೆಗೆ ಏನ್ ಮಾಡ್ತಿದ್ದೆಯೋ?'

'ಕರೆಂಟ್ ಇರ್ಲಿಲ್ಲ ಸಾ.'

'ಕರೆಂಟ್ ವಿಷ್ಯ ಬೆಸ್ಕಾಂನೋರು ನೋಡ್ಕೋತಾರೆ. ನೀನು ಏನ್ ಮಾಡ್ತಿದ್ದೆ?'

'ಏನೂ ಇಲ್ಲ ಸಾ. ಕರೆಂಟ್ ಬರ್ಲಿ ಅಂತ ಕಾಯ್ತಾ ಕೂತಿದ್ದೆ.'

'ಅದೇ ಕಣಪ್ಪ ಬೇಕಾಗಿದ್ದಿದ್ದು! ಐ ವಾಸ್ ವೇಟಿಂಗ್. ಆಮೇಲೆ?'

'ಬಂತು ಸಾ.'

'ವೆನ್ ದಿ ಕರೆಂಟ್ ಕೇಮ್. ಪೂರ್ತಿ ಹೇಳು.'

'ಐ ವಾಸ್ ವೇಟಿಂಗ್ ವೆನ್ ದಿ ಕರೆಂಟ್ ಕೇಮ್ ಸಾ.'

'ಸಾ ಬಿಟ್ಟು ಹೇಳು.'

ಯಂತ್ರ ಚಾಲೂ ಆಯಿತು. ಮೇಷ್ಟ್ರು ಹುಡುಗನಿಗೆ ಹೊಸದೇನನ್ನೂ ಕೊಡಲಿಲ್ಲ ಎಂಬುದನ್ನು ಗಮನಿಸಿ. 'ಕಾಯ್ತಾ ಕೂತಿದ್ದೆ' ಅವನ ಬಾಯಲ್ಲೇ ಇತ್ತು. ಪಾವಗಡದ ಮನೆಗಳಲ್ಲಿ ಮಾತು ತೆಲುಗಾದರೆ ಅದೇ ಅಚ್ಚಿನ 'ವಸ್ತಾ ಉಂಟಿ' (ಬರ್ತಾ ಇದ್ದೆ) ಇರುತ್ತದೆ. ಶಿರಾದ ಮೊಹಲ್ಲಾಗಳಲ್ಲಿ ಉರ್ದುವಿನ 'ಆರಾ ಥಾ' ಇರುತ್ತದೆ. ಇಂಗ್ಲಿಷಿನವನು ಕ್ರಿಯಾಪದದ ಹಿಂದೆ ಬಾಲ ಕಟ್ಟಿ, ಮುಂದೆ ವಾಸ್ ನಿಲ್ಲಿಸುತ್ತಾನೆ. ನಾವು 'ಮಾಡುತ್ತಾ' ಎಂದು ಕೆಲಸವನ್ನು ಎಳೆದು, 'ಇದ್ದೆ' ಎಂದು ಕೊನೆಯಲ್ಲಿ ನಿಲ್ಲಿಸುತ್ತೇವೆ. ಸಾಮಾನು ಒಂದೇ, ಪೇರಿಸುವ ಕ್ರಮ ಬೇರೆ. ಹೀಗಿದ್ದೂ ಇದು ಕಷ್ಟದ ಟೆನ್ಸ್ ಎಂದು ಹೆಸರಾಗಿದೆ. ಅದಕ್ಕೆ ಕಾರಣ ನಾವು ಇದನ್ನು ಬಳಸಲಾರೆವು ಎಂಬುದಲ್ಲ. ಒಮ್ಮೆ ಕೈಗೆ ಸಿಕ್ಕಿದರೆ ನಾವು ಇದನ್ನು ಕೆಳಗಿಡುವುದಿಲ್ಲ. ಆದ್ದರಿಂದ ಕೈಪಿಡಿಯ ಉಳಿದ ಭಾಗವೆಲ್ಲ ಯಂತ್ರವನ್ನು ನಿಲ್ಲಿಸುವುದು ಹೇಗೆ ಎಂಬುದರ ಬಗ್ಗೆ.

ನಿಲ್ಲಿಸುವ ಕ್ರಮ

ಈ ಟೆನ್ಸಿನ ಸ್ವಭಾವ ತಿಳಿಯಬೇಕಾದರೆ ಮಧುಗಿರಿ ಕೋಟೆಗೇ ಮತ್ತೆ ಹೋಗಬೇಕು. 1763ರಲ್ಲಿ ಹೈದರಲಿ ಬಿದನೂರನ್ನು ಹಿಡಿದ. ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆಹಿಡಿದು ತಂದು ಈ ಏಕಶಿಲೆಯ ಮೇಲೆ ಇಟ್ಟ. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಎಂದು ಒಂದರ ಮೇಲೊಂದು ಬಾಗಿಲು ದಾಟಿ, ಬಂಡೆಯಲ್ಲಿ ಕಡಿದ ಮೆಟ್ಟಿಲಿಗೆ ಕಾಲು ಸಿಕ್ಕಿಸಿಕೊಂಡು, ಕಂಬಿ ಹಿಡಿದು ಇಂದು ಏದುಸಿರು ಬಿಡುತ್ತಾ ಹತ್ತುವವರಿಗೆ ಅಲ್ಲಿಂದ ತಪ್ಪಿಸಿಕೊಂಡು ಇಳಿಯುವುದು ಎಂಥ ಮಾತು ಎಂದು ವಿವರಿಸಬೇಕಾಗಿಲ್ಲ. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಬಂದು ಕೋಟೆ ಹಿಡಿದು ಅವಳನ್ನು ಬಿಡಿಸಿತು. ಪುಣೆಯ ದಾರಿಯಲ್ಲೇ ತೀರಿಕೊಂಡಳೆಂದು ಹೇಳುತ್ತಾರೆ.

ಈಗ ವಾಕ್ಯ: ವೀರಮ್ಮಾಜಿ ವಾಸ್ ಲಿವಿಂಗ್ ಇನ್ ದಿ ಫೋರ್ಟ್ ವೆನ್ ದಿ ಮರಾಠಾಸ್ ಕೇಮ್. ಮೊದಲರ್ಧ ಉದ್ದ, ಎರಡನೆಯದು ಗಿಡ್ಡ. ಮೊದಲನೆಯದು ನಡೆಯುತ್ತಲೇ ಇತ್ತು. ಎರಡನೆಯದು ಬಂದು ಅದನ್ನು ಕತ್ತರಿಸಿತು. ಬೇರೆ ಪೊಟ್ಟಣದಲ್ಲಿ ಕೊಟ್ಟ ವೆನ್‌ಗೆ ಇದೇ ಕೆಲಸ. ಪಾಸ್ಟ್ ಕಂಟಿನ್ಯುಯಸ್ ವಾಕ್ಯ ಹೇಳಿದವನನ್ನು ಕೇಳುವವರು 'ಹ್ಞೂಂ, ಆಗ?' ಎಂದು ನೋಡುತ್ತಿರುತ್ತಾರೆ. ಆ 'ಆಗ'ಕ್ಕೆ ನಿಮ್ಮ ಬಳಿ ಉತ್ತರವಿರಬೇಕು. ಗಡಿಯಾರ ತೋರಿಸಿದರೂ ನಡೆಯುತ್ತದೆ: ಅಟ್ ಸೆವೆನ್ ಓ ಕ್ಲಾಕ್. ಎರಡೂ ಇಲ್ಲದಿದ್ದರೆ ನಿಮಗೆ ಈ ಟೆನ್ಸ್ ಬೇಕಾಗಿರಲಿಲ್ಲ.

ಶಿರಾದ ಮಕ್ಕಳು ಎಡವುವುದು ಇಲ್ಲಿಯೇ. ಊರ ತುಂಬ ಇತಿಹಾಸ ಬಿದ್ದಿದೆ, ಬರೆಯದೆ ಇರಲಾಗುವುದಿಲ್ಲ. 'ಮಲಿಕ್ ರೆಹಾನ್ ವಾಸ್ ರೂಲಿಂಗ್ ಶಿರಾ' ಎಂದು ಶುರು ಮಾಡಿ ಪೂರ್ಣವಿರಾಮ ಇಡುತ್ತಾರೆ. ಆಳುತ್ತಿದ್ದ, ಸರಿ, ಆಗ ಏನಾಯಿತು? ಏನೂ ಇಲ್ಲ, ಆಳಿದ, ಸತ್ತ, ಗೋರಿ ಅಲ್ಲೇ ಇದೆ. ಹಾಗಾದರೆ ರೂಲ್ಡ್ ಎನ್ನಿ. ಮೊಘಲರು 1687ರಲ್ಲಿ ಶಿರಾವನ್ನು ಸುಬಾ ಮಾಡಿದರು: ಮೇಡ್. 1696ರಲ್ಲಿ ಜಾಮಿಯಾ ಮಸೀದಿ ಕಟ್ಟಿದರು: ಬಿಲ್ಟ್. ಮುನ್ನೂರು ಚಿಲ್ಲರೆ ವರ್ಷದಿಂದ ಕಲ್ಲಿನ ಕಟ್ಟಡ ಕಣ್ಣೆದುರು ನಿಂತಿರುವಾಗ 'ವರ್ ಬಿಲ್ಡಿಂಗ್' ಎಂದರೆ ಗುತ್ತಿಗೆದಾರ ಬಿಲ್ ಪಾಸಾಗದೆ ಓಡಿಹೋದ ಹಾಗೆ ಕೇಳಿಸುತ್ತದೆ. ನವಾಬ ದಿಲಾವರ್ ಖಾನನಿಗೆ ಬೇಕಿದ್ದರೆ ವಾಸ್ ರೂಲಿಂಗ್ ಕೊಡಬಹುದು, ಅವನು ಆಳುತ್ತಿದ್ದಾಗ ಏನೋ ಒಂದು ನಡೆಯಿತು ಎಂದು ಹೇಳುವುದಿದ್ದರೆ. ಇಲ್ಲದಿದ್ದರೆ ನವಾಬನಾದರೂ ರೂಲ್ಡ್.

ಮುಖ್ಯ ಎಚ್ಚರಿಕೆ: ತಾತನ ಜಾತ್ರೆ

ಇದು ಕೈಪಿಡಿಯ ಅತಿ ಮುಖ್ಯ ಭಾಗ. ಕೆಂಪು ಶಾಯಿಯಲ್ಲಿ ಅಚ್ಚಾಗಬೇಕಿತ್ತು.

'ನಮ್ಮ ತಾತ ವರ್ಷಾವರ್ಷ ದಂಡಿನ ಮಾರಮ್ಮನ ಜಾತ್ರೆಗೆ ಹೋಗುತ್ತಿದ್ದರು.' ಕನ್ನಡದಲ್ಲಿ ಇದಕ್ಕಿಂತ ಸರಿಯಾದ ವಾಕ್ಯವಿಲ್ಲ. 'ತಾತ ಜಾತ್ರೆಗೆ ಹೋಗುತ್ತಿದ್ದರು, ದಾರಿಯಲ್ಲಿ ಬಸ್ ಕೆಟ್ಟಿತು.' ಇದೂ ಸರಿ. ಎರಡರಲ್ಲೂ ಅದೇ 'ಹೋಗುತ್ತಿದ್ದರು'. ನಮಗೆ ತಾತನ ಮೂವತ್ತು ವರ್ಷದ ರೂಢಿಗೂ ಒಂದು ಮಧ್ಯಾಹ್ನದ ಪ್ರಯಾಣಕ್ಕೂ ಒಂದೇ ಕ್ರಿಯಾಪದ ಸಾಕು, ಗೊಂದಲವೂ ಆಗುವುದಿಲ್ಲ. ಇಂಗ್ಲಿಷ್ ಅಷ್ಟು ಉದಾರಿಯಲ್ಲ. ಕೆಟ್ಟ ಬಸ್ಸಿನಲ್ಲಿದ್ದ ತಾತನಿಗೆ ವಾಸ್ ಗೋಯಿಂಗ್. ವರ್ಷಾವರ್ಷ ಹೋಗುತ್ತಿದ್ದ ತಾತನಿಗೆ ಯೂಸ್ಡ್ ಟು ಗೋ, ಇಲ್ಲವೇ ಬರೀ ವೆಂಟ್. 'ಮೈ ಗ್ರ್ಯಾಂಡ್‌ಫಾದರ್ ವಾಸ್ ಗೋಯಿಂಗ್ ಟು ದಿ ಫೇರ್ ಎವ್ರಿ ಇಯರ್' ಎಂದು ಬರೆದರೆ ಪರೀಕ್ಷಕರ ಕೆಂಪು ಪೆನ್ನು ಇಳಿಯುತ್ತದೆ. ಬರೆದ ಹುಡುಗಿಗೆ ತಪ್ಪೇನೆಂದು ತಿಳಿಯುವುದೂ ಇಲ್ಲ, ಏಕೆಂದರೆ ಮನಸ್ಸಿನಲ್ಲಿ ಬಂದದ್ದನ್ನು ಅವಳು ಪ್ರಾಮಾಣಿಕವಾಗಿ ಇಳಿಸಿದ್ದಾಳೆ. ನನ್ನ ಅಭಿಪ್ರಾಯದಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಈ ಟೆನ್ಸಿನಲ್ಲಿ ಕಳೆದುಕೊಳ್ಳುವ ಅಂಕದಲ್ಲಿ ದೊಡ್ಡ ಪಾಲು ಹೋಗುವುದು ಈ ಒಂದೇ ಕಿಂಡಿಯಿಂದ. ವಾಸ್, ವರ್ ಕೋಷ್ಟಕವನ್ನು ನೂರು ಸಲ ಬರೆಸುವ ಬದಲು ತಾತನನ್ನು ಎರಡು ಸಲ ಜಾತ್ರೆಗೆ ಕಳಿಸಿದರೆ ಸಾಕು.

ತಿರುಮಣಿಯ ಉದಾಹರಣೆಯಿಂದ ಇದನ್ನು ಇನ್ನಷ್ಟು ಗಟ್ಟಿ ಮಾಡಿಕೊಳ್ಳಬಹುದು. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಈಗ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. 2018ರಲ್ಲಿ ಉದ್ಘಾಟನೆಯಾಯಿತು. ರೈತರು ಜಮೀನು ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಶುರುವಾಯಿತು. ಅಲ್ಲಿ ಮೊದಲು ಕಡಲೆಕಾಯಿ ಬೆಳೆಯುತ್ತಿದ್ದರು. ದೇ ಯೂಸ್ಡ್ ಟು ಗ್ರೋ ಗ್ರೌಂಡ್‌ನಟ್. ರೂಢಿ, ಆದ್ದರಿಂದ ಯೂಸ್ಡ್ ಟು. ಮಳೆಗೆ ಕಾಯುತ್ತಿದ್ದರು, ಆಗ ಸೋಲಾರ್‌ನವರು ಬಂದರು. ದೇ ವರ್ ವೇಟಿಂಗ್ ಫಾರ್ ರೇನ್ ವೆನ್ ದಿ ಸೋಲಾರ್ ಪೀಪಲ್ ಕೇಮ್. ಇದು ನಮ್ಮ ಟೆನ್ಸ್. ಮಳೆಗಾಗಿ ಮುಗಿಲು ನೋಡುತ್ತಿದ್ದ ಊರಲ್ಲಿ ಈಗ ಮೋಡ ಬಂದರೆ ಉತ್ಪಾದನೆ ಇಳಿಯುತ್ತದೆ. ಇದು ವರ್ತಮಾನಕಾಲ, ಬೇರೆ ಕೈಪಿಡಿಯಲ್ಲಿ ನೋಡಿ.

ಬಾಲ ಕಟ್ಟಬಾರದ ಪದಗಳು

ಗೊತ್ತಿರುವುದು, ಇಷ್ಟವಿರುವುದು, ನಂಬಿರುವುದು, ಹೊಂದಿರುವುದು: ಇವು ಕೆಲಸಗಳಲ್ಲ, ಸ್ಥಿತಿಗಳು. ಐ ವಾಸ್ ನೋಯಿಂಗ್ ತಪ್ಪು. ಐ ವಾಸ್ ಹ್ಯಾವಿಂಗ್ ಟೂ ಬ್ರದರ್ಸ್ ತಪ್ಪು. ಪಟ್ಟಿ ಬಾಯಿಪಾಠ ಮಾಡಬೇಡಿ, ಕನ್ನಡದಲ್ಲಿ ಹೇಳಿ ನೋಡಿಕೊಳ್ಳಿ. 'ನನಗೆ ಇಬ್ಬರು ಅಣ್ಣಂದಿರು ಇರುತ್ತಿದ್ದರು' ಎಂದು ಯಾರಾದರೂ ಅನ್ನುತ್ತಾರೆಯೇ? 'ಇದ್ದರು' ಅನ್ನುತ್ತಾರೆ. ಹಾಗೆಯೇ ಹ್ಯಾಡ್. ಊಟದಂಥ ಕೆಲಸದ ವಿಷಯದಲ್ಲಿ ಹ್ಯಾವಿಂಗ್ ನಡೆಯುತ್ತದೆ. ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗುವುದು ಕೆಲಸವೇ.

ವಿಶೇಷ ಬಳಕೆ: ಸಹಾಯ ಕೇಳುವಾಗ

ಮುದ್ರಿತ ವ್ಯಾಕರಣಗಳು ಇದನ್ನು ಕೊನೆಯ ಪುಟದ ಮೂಲೆಗೆ ತಳ್ಳಿರುತ್ತವೆ. ನಮಗೆ ಇದೇ ಹೆಚ್ಚು ಉಪಯೋಗದ್ದು.

ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ನಿಂತ ಯಜಮಾನರು ಹೇಗೆ ಕೇಳುತ್ತಾರೆ ನೋಡಿ. 'ಸಾರ್, ಒಂದು ಪಹಣಿ ಬೇಕಾಗಿತ್ತು.' ಬೇಕಾಗಿತ್ತು ಎಂದರೆ ಈಗ ಬೇಡವೇ? ಈಗಲೇ ಬೇಕು, ಬ್ಯಾಂಕಿನವರು ಮಧ್ಯಾಹ್ನದೊಳಗೆ ತನ್ನಿ ಎಂದಿದ್ದಾರೆ. ಆದರೆ 'ಬೇಕು' ಎಂದರೆ ಕೊರಳಪಟ್ಟಿ ಹಿಡಿದ ಹಾಗೆ. 'ಬೇಕಾಗಿತ್ತು' ಎಂದರೆ ಎರಡು ಹೆಜ್ಜೆ ಹಿಂದೆ ನಿಂತು ಕೇಳಿದ ಹಾಗೆ. ಇನ್ನೂ ದೊಡ್ಡ ಸಹಾಯವಾದರೆ ಇನ್ನೂ ಎರಡು ಹೆಜ್ಜೆ ಹಿಂದೆ. 'ಅಕ್ಕಾ, ನಿಮ್ಮನ್ನ ಒಂದ್ ಮಾತು ಕೇಳೋಣ ಅಂತಿದ್ದೆ.' ಈ ಅಂತಿದ್ದೆ ಕೇಳಿದ ಕೂಡಲೇ ಅಕ್ಕನಿಗೆ ಇದು ಕೈಸಾಲದ ವಿಷಯ ಎಂದು ಗೊತ್ತಾಗುತ್ತದೆ.

ಇಂಗ್ಲಿಷಿನವನೂ ಸಾಲ ಕೇಳುವಾಗ ಹೀಗೇ ಹಿಂದೆ ಸರಿಯುತ್ತಾನೆ. ಐ ವಾಸ್ ವಂಡರಿಂಗ್ ಇಫ್ ಯೂ ಕುಡ್ ಹೆಲ್ಪ್ ಮಿ. ಯೋಚಿಸುತ್ತಿದ್ದೆ ಎನ್ನುತ್ತಾನೆ, ನಿನ್ನೆ ಏನೂ ಯೋಚಿಸಿರುವುದಿಲ್ಲ, ಕೆಲಸ ಇವತ್ತಿನದೇ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ನಮ್ಮ ಹುಡುಗರು ಮೇಲಿನವರಿಗೆ ಮೇಲ್ ಬರೆಯುವಾಗ 'ಐ ವಾಂಟ್ ಟೂ ಡೇಸ್ ಲೀವ್' ಎಂದು ಒರಟಾಗಿ ಬರೆದು ಬೈಸಿಕೊಳ್ಳುತ್ತಾರೆ. ಊರಲ್ಲಿ ಅಕ್ಕನ ಮುಂದೆ 'ಅಂತಿದ್ದೆ' ಎಂದು ಬಾಯಿ ಬಿಟ್ಟವರೇ ಅವರು. ಆ ಸಂಕೋಚವನ್ನು ಹಾಗೇ ಇಂಗ್ಲಿಷಿಗೆ ಇಳಿಸಿ: ಐ ವಾಸ್ ಹೋಪಿಂಗ್ ಟು ಟೇಕ್ ಟೂ ಡೇಸ್ ಲೀವ್. ರಜೆ ಸಿಗುವ ಭರವಸೆಯನ್ನು ತಯಾರಕರು ಕೊಡುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ಬಳಕೆಯೂ ಒಂದುಂಟು. ನಡುವೆ ಆಲ್ವೇಸ್ ಸೇರಿಸಿದರೆ ವಿನಯ ಹೋಗಿ ದೂರು ಬರುತ್ತದೆ. ಹೀ ವಾಸ್ ಆಲ್ವೇಸ್ ಬಾರೋಯಿಂಗ್ ಮೈ ಬೈಕ್. ಯಾವಾಗ ನೋಡಿದರೂ ನನ್ನ ಗಾಡಿ ಕೇಳುತ್ತಿದ್ದ ಎಂಬ ಹಲ್ಲು ಕಡಿತ ಇದರೊಳಗಿದೆ. ಅತ್ತೆ ಸೊಸೆಯರು ಅಳತೆ ನೋಡಿಕೊಂಡು ಬಳಸುವುದು.

ದೋಷ ಮತ್ತು ಪರಿಹಾರ

ವಾಕ್ಯ ಶುರುವಾಗುತ್ತದೆ, ಮುಗಿಯುವುದಿಲ್ಲ: ವೆನ್ ಸಡಿಲವಾಗಿದೆ, ಬಿಗಿ ಮಾಡಿ. ಪ್ರಶ್ನೆ ಪ್ರಶ್ನೆಯಂತೆ ಕೇಳಿಸುತ್ತಿಲ್ಲ: ವಾಸ್ ಅನ್ನು ಎತ್ತಿ ಮುಂದಕ್ಕೆ ಇಡಿ, ವಾಸ್ ಹೀ ಕಮಿಂಗ್? 'ಐ ವಾಸ್ ವೆಂಟ್' ಎಂಬ ಸದ್ದು ಬರುತ್ತಿದೆ: ಎರಡು ಭೂತಕಾಲ ಒಂದೇ ಕಡೆ ಸೇರಿವೆ; ಒಂದನ್ನು ತಕ್ಷಣ ಹೊರಹಾಕಿ. ಎದುರಿನವರು ನಗುತ್ತಿದ್ದಾರೆ: ದೋಷ ಯಂತ್ರದಲ್ಲಿಲ್ಲ, ಮಾತು ಮುಂದುವರಿಸಿ.

ಅಭ್ಯಾಸ

ಅಭ್ಯಾಸಕ್ಕೆ ಬೇಕಾದ ವಾಕ್ಯಗಳು ನಾಲ್ಕು ತಾಲ್ಲೂಕಿನಲ್ಲಿ ಧಾರಾಳವಾಗಿ ಸಿಗುತ್ತವೆ. ನೀರು ಬರುತ್ತಿತ್ತು ಎಂಬುದನ್ನೇ ತೆಗೆದುಕೊಳ್ಳಿ. ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. ಆ ನೀರು ಬಂದು ನಿಲ್ಲಬೇಕಾದ ಬೈರಗೊಂಡ್ಲು ಕೊರಟಗೆರೆ ತಾಲ್ಲೂಕಿನಲ್ಲಿದೆ. ಭದ್ರಾ ಮೇಲ್ದಂಡೆಯ ನೀರು ಶಿರಾಕ್ಕೂ ಪಾವಗಡಕ್ಕೂ ಬರಬೇಕು. 2023ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ಕೊಡಲಾಗುವುದು ಎಂದು ಘೋಷಿಸಿದರು. 'ಕೊಡಲಾಗುವುದು' ಭವಿಷ್ಯತ್ ಕಾಲವಾದ್ದರಿಂದ ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಅತ್ಯುತ್ತಮ ಅಭ್ಯಾಸ ಎಂದರೆ ರೈಲು. 2007-08ರಲ್ಲಿ ಎರಡು ಸಂಗತಿ ನಡೆದವು. ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಶುರುವಾಯಿತು. ರಾಯದುರ್ಗದಿಂದ ಪಾವಗಡ, ಮಧುಗಿರಿ, ಕೊರಟಗೆರೆ ಮೇಲೆ ತುಮಕೂರಿಗೆ 207 ಕಿಲೋಮೀಟರ್ ರೈಲು ಮಾರ್ಗ ಮಂಜೂರಾಯಿತು. ಆ ವರ್ಷ ಒಂದನೇ ತರಗತಿಗೆ ಸೇರಿ, ಎಲ್ಲೂ ನಪಾಸಾಗದೆ ಬಂದ ಮಗು 2017ರಲ್ಲಿ ಎಸ್ಸೆಸ್ಸೆಲ್ಸಿ ಬರೆಯಿತು. ಅದು ಬರೆಯಬಹುದಾಗಿದ್ದ ವಾಕ್ಯ: ವೆನ್ ಐ ವಾಸ್ ಸ್ಟಡಿಯಿಂಗ್ ಇನ್ ದಿ ಫಸ್ಟ್ ಸ್ಟ್ಯಾಂಡರ್ಡ್, ದೇ ವರ್ ಟಾಕಿಂಗ್ ಅಬೌಟ್ ದಿ ಟ್ರೇನ್, ವೆನ್ ಐ ವಾಸ್ ಸ್ಟಡಿಯಿಂಗ್ ಇನ್ ದಿ ಟೆಂತ್, ದೇ ವರ್ ಸ್ಟಿಲ್ ಟಾಕಿಂಗ್. ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ. ಪೂರ್ಣ ಅಂಕ ಕೊಡತಕ್ಕದ್ದು.

ಬಳಕೆದಾರರಲ್ಲಿ ಒಂದು ವಿನಂತಿ. ಮಧುಗಿರಿ ಸ್ಟೇಷನ್ನಿನಲ್ಲಿ ರೈಲು ಬಂದು ನಿಂತ ದಿನ ಮೇಲಿನ ಉದಾಹರಣೆಯನ್ನು ಹೊಡೆದುಹಾಕಿ, ಪಕ್ಕದಲ್ಲಿ 'ದಿ ಟ್ರೇನ್ ಕೇಮ್' ಎಂದು ಸಿಂಪಲ್ ಪಾಸ್ಟ್‌ನಲ್ಲಿ ಬರೆದುಕೊಳ್ಳಿ. ಅಲ್ಲಿಯವರೆಗೆ ಈ ಆವೃತ್ತಿಯೇ ಚಾಲ್ತಿಯಲ್ಲಿರುತ್ತದೆ.